ಬೆಳ್ಳಿಬಣ್ಣದ ವೈರು

ನಾನು ಸ್ಪೀಕರಿಗೆ ವೈರು ಸಿಕ್ಕಿಸುತ್ತಿದ್ದಂತೆ ಹೆಣವೂ ಒಮ್ಮೆ ಕಿವಿ ನಿಮಿರಿಸಿತು. ನಂಬದವರು ಅಂಗಳದಲ್ಲಿದ್ದ ನೂರು ಜನರನ್ನು ಕೇಳಬಹುದು.

ಹೋದವನು ರಿಪೇರಿಯಣ್ಣ. ಮೂವತ್ತು ವರ್ಷ ಆಂಪ್ಲಿಫೈಯರ್ ಬಿಚ್ಚಿ ಜೋಡಿಸಿದವನು. ನಾನು ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಅವನನ್ನು ಕಂಡು ನನ್ನ ಹೊಟ್ಟೆಯಲ್ಲಿ ಉರಿದ ಕಿಚ್ಚಿನಲ್ಲಿ ಇಡೀ ಊರಿಗೆ ಸ್ನಾನದ ನೀರು ಕಾಯಿಸಬಹುದಿತ್ತು.

"ಅವ್ನು ಕೈ ಇಟ್ಟಿದ್ದು ಕೆಟ್ಟಿದ್ದೇ ಇಲ್ಲ ಬಿಡಿ," ಎಂದ ಎದುರುಮನೆಯ ದರ್ಜಿ.

ಸತ್ತ ಮೇಲೂ ಹೊಗಳಿಕೆ ಅವನಿಗೇ!

"ಸಭಾಭವನದ ಉದ್ಘಾಟನೆ ಮರೆತ್ಬಿಟ್ರಾ? ಅವತ್ತು ಮಾನ ಉಳಿಸಿದ್ದು ಈ ವೈರು," ಎಂದು ಹೆಬ್ಬಾವಿನಷ್ಟು ದಪ್ಪದ, ಬೆಳ್ಳಿಬಣ್ಣದ ಹೆಣಿಗೆಯ ನನ್ನ ವೈರನ್ನು ಎತ್ತಿ ತೋರಿಸಿದೆ.

*

ಆ ಉದ್ಘಾಟನೆಗೆ ರಿಪೇರಿಯಣ್ಣ ತಾನೇ ಒಂದು ಆಂಪ್ಲಿಫೈಯರ್ ಕಟ್ಟಿದ್ದ. ಅದು ಗೆದ್ದರೆ ಭವನದ ಮೈಕಿನ ಕೆಲಸ ಶಾಶ್ವತವಾಗಿ ಅವನದು. ಹಿಂದಿನ ದಿನ ನಾನು ಅವನಿಗೆ ಇಂಥದೇ ಬೆಳ್ಳಿ ವೈರು ಉಡುಗೊರೆ ಕೊಟ್ಟೆ.

"ನಂಗ್ಯಾಕೋ ಇಷ್ಟು ದೊಡ್ಡದು? ಮಾಮೂಲಿ ಜೋಡಿ ವೈರು ಸಾಕಿತ್ತು," ಎಂದು ಸಂಕೋಚಪಟ್ಟ.

"ದೊಡ್ಡ ಕೆಲಸಕ್ಕೆ ದೊಡ್ಡ ವೈರು ಕಣೋ."

ಮರುದಿನ ಯಾರೂ ಮಾತಾಡುವ ಮೊದಲೇ ಅವನ ಪೆಟ್ಟಿಗೆಯಿಂದ ಹೊಗೆ ಎದ್ದಿತು. ನನ್ನ ಸೆಟ್ಟು ಸಂಜೆಯವರೆಗೆ ಗುಡುಗಿತು. ಭವನದ ಕೆಲಸ ನನಗಾಯಿತು. ಅವನು ಸುಟ್ಟ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದ.

*

ಅಂಗಳದಲ್ಲಿ ಯಾರೋ ಕುರ್ಚಿ ಎಳೆದರು. ಅದರ ಕಾಲಿಗೆ ಸಿಕ್ಕಿ ನನ್ನ ವೈರಿನ ಹೊದಿಕೆ ಉದ್ದಕ್ಕೆ ಹರಿಯಿತು. ಮಾತಾಡಲು ಮೈಕು ಹಿಡಿದು ನಿಂತಿದ್ದ ರಿಪೇರಿಯಣ್ಣನ ಮಗಳು ಬಗ್ಗಿ ನೋಡಿದಳು. ಒಳಗೆ ಕೆಂಪು ಕಪ್ಪು, ಎರಡೇ ಎಳೆ.

"ಮಾವ, ಇದು ಮಾಮೂಲಿ ಜೋಡಿ ವೈರಲ್ವಾ?"

"ಮೇಲಿನ ಹೊದಿಕೆ... ಚೆಂದಕ್ಕಮ್ಮ."

"ಅಪ್ಪಂಗೆ ಕೊಟ್ಟಿದ್ದು ಒಳಗೂ ಹೆಣೆದಿದ್ದೇ. ಎಳೆಗಳು ಅಷ್ಟು ಒತ್ತಾಗಿದ್ರೆ ಕೆಲವು ಆಂಪ್ಲಿಫೈಯರ್ ಸ್ತಿಮಿತ ತಪ್ಪತ್ತಂತೆ. ನಮ್ಮ ಕಿವಿಗೆ ಕೇಳದ ಹಾಗೆ ಒಳಗೊಳಗೇ ಕೂಗಿ ಕೂಗಿ ಸುಟ್ಟುಹೋಗತ್ತಂತೆ. ತಿಂಗಳುಗಟ್ಟಲೆ ಅಳೆದು ಕಂಡ್ಕೊಂಡ್ರು. 'ಪಾಪ, ಅವ್ನಿಗೆ ಗೊತ್ತಿರ್ಲಿಲ್ಲ' ಅಂತ ಕೊನೇವರೆಗೂ ಹೇಳ್ತಿದ್ರು." ಅವಳು ತಲೆಯೆತ್ತಿದಳು. "ಗೊತ್ತಿತ್ತಾ ಮಾವ?"

ದರ್ಜಿ ನನ್ನನ್ನೇ ನೋಡುತ್ತಿದ್ದ. ನೂರು ಜನ ಅಂದೆನಲ್ಲ, ಇದ್ದವರು ಹನ್ನೊಂದು. ಹೆಣ ಮಿಸುಕಿರಲೂ ಇಲ್ಲ.

"ಗೊತ್ತಿತ್ತಮ್ಮ," ಎಂದೆ. "ಮೊದ್ಲು ಸುಟ್ಟಿದ್ದು ನಂದೇ ಆಂಪ್ಲಿಫೈಯರ್. ಆಮೇಲೆ ಅದೇ ವೈರು ತಗೊಂಡ್ಹೋಗಿ ಅವ್ನಿಗೆ ಕೊಟ್ಟೆ."

ಅವಳ ಕೈಯಲ್ಲಿದ್ದ ಮೈಕು ಚಾಲೂ ಇತ್ತು. ನನ್ನ ದನಿ ಒಂದಿಷ್ಟೂ ಕರಕರವಿಲ್ಲದೆ ಬೀದಿಯ ತುದಿಯವರೆಗೆ ಹೋಯಿತು.