ಗೋದಾಬಾಯಿಯ ಹೆಸರಿನ ಮೇಲೆ

ಯಾರಾದರೂ ಫೋನಿನಲ್ಲಿ ಏನನ್ನಾದರೂ ಹುಡುಕಿದಾಗ ತನ್ನ ಗ್ರಾಹಕರ ಜಾಹೀರಾತೇ ಎಲ್ಲಕ್ಕಿಂತ ಮೇಲೆ ಕಾಣುವಂತೆ ಆ ಜಾಗದ ಹರಾಜಿನಲ್ಲಿ ಬಿಡ್ ಏರಿಸುವುದು, ಇಳಿಸುವುದು ವರದಾಳ ಕೆಲಸ. ಹಡಪಸರದಲ್ಲಿದ್ದ ಅವಳ ಕಂಪನಿಗೆ ಮನೆಮನೆಗೆ ನರ್ಸ್ ಕಳಿಸುವ ಹೊಸ ಸಂಸ್ಥೆಯೊಂದು ಗ್ರಾಹಕನಾಗಿ ಬಂತು. ‘ನರ್ಸ್’ ಎಂಬ ಪದಕ್ಕೆ ಪೈಪೋಟಿ ಜೋರಾಗಿತ್ತು. ಜಾಹೀರಾತಿನ ಮೇಲಿನ ಒಂದೊಂದು ಕ್ಲಿಕ್ಕೂ ದುಬಾರಿ. ಮಂಡ್ಯದಿಂದ ಬಂದ ಮ್ಯಾನೇಜರ್ ಪುನೀತ ಸುಲಭದ ದಾರಿ ಹೇಳಿಕೊಟ್ಟ.

“ಕೊಂಢವಾದಲ್ಲಿ ಗೋದಾಬಾಯಿ ಅನ್ನೋರ ಗೋದಾ ನರ್ಸಿಂಗ್ ಅಂತ ಇದೆಯಲ್ಲ, ಜನ ಆ ಹೆಸರು ಹಾಕೇ ಹುಡುಕ್ತಾರೆ. ಅವರು ಆಡ್ ಕೊಡಲ್ಲ. ಆ ಹೆಸರಿಗೆ ಬಿಡ್ ಮಾಡು, ಟಾಪ್ ಪೊಸಿಷನ್ ಚೀಪಾಗಿ ಸಿಗುತ್ತೆ.”

“ಅದು ನಡೀತದೇನ್ರಿ?”

“ಆಡ್‌ನಲ್ಲಿ ಅವರ ಹೆಸರು ಬರೀಬಾರದು, ಅಷ್ಟೇ. ಎಲ್ಲ ರೂಲ್ಸ್ ಪ್ರಕಾರಾನೇ.”

ವರದಾ ಬಿಡ್ ಹಾಕಿದಳು. ಹೊಸ ಸಂಸ್ಥೆಗೆ ಕರೆಗಳು ಸುರಿದವು. ಪುನೀತ ಎಲ್ಲರೆದುರು ಅವಳನ್ನು ಹೊಗಳಿದ.

ಅವಳು ಇದ್ದ ಧನಕವಡಿಯಲ್ಲಿ ಪಕ್ಕದ ಮನೆ ಬೆಳಗಾವಿಯ ರಾಘಣ್ಣನವರದು. ಸೊಂಟ ಮುರಿದು ಮಲಗಿದ್ದ ಅವರ ಹೆಂಡತಿ ಅಂಬಕ್ಕನನ್ನು ನೋಡಲು ವರದಾ ಒಂದು ಭಾನುವಾರ ಹೋದಳು. ಬಾಗಿಲಲ್ಲೇ ಕೀವಿನ ವಾಸನೆ ಬಡಿಯಿತು. ಬೆನ್ನಿನ ಕೆಳಗೆ ಹುಣ್ಣಾಗಿತ್ತು. ಮನೆಗೆ ಬರುತ್ತಿದ್ದ ನರ್ಸ್ ಮೂಲೆಯಲ್ಲಿ ಕೂತಿದ್ದಳು.

“ಗೋದಾಬಾಯಿ ಮಂದಿ ಭಾಳ ಚಲೋ ಅಂತಿದ್ರವಾ,” ರಾಘಣ್ಣ ಪಿಸುಗುಟ್ಟಿದರು. “ಈ ನರ್ಸಬಾಯಿಗೆ ಹೊರಳಿಸಿ ಮಲಗಸೂದೂ ಗೊತ್ತಿಲ್ಲ.”

“ನಂಬರ್ ಎಲ್ಲಿ ಸಿಕ್ತು, ಕಾಕಾ?”

“ಫೋನಿನ್ಯಾಗ ಗೋದಾಬಾಯಿ ಹೆಸರು ಹಾಕಿ ಹುಡುಕಿದೆ. ಎಲ್ಲಾಕ್ಕಿಂತ ಮ್ಯಾಲ ಬಂದದ್ದಕ್ಕ ಫೋನ್ ಹಚ್ಚಿದೆ.”

ಅವರು ತೋರಿಸಿದ ಜಾಹೀರಾತಿನ ಒಂದೊಂದು ಶಬ್ದವೂ ವರದಾ ಬರೆದದ್ದು.

“ಇವರು ಗೋದಾಬಾಯಿ ಕಡೆಯವರಲ್ಲ, ಕಾಕಾ. ಇದು ಮ್ಯಾಲ ಬರೂ ಹಂಗ ಮಾಡಿದಾಕಿ ನಾನ.”

“ನೀನಾ?” ಎಂದರು ರಾಘಣ್ಣ. ಫೋನನ್ನು ಜೇಬಿಗಿಳಿಸಿ ಹೆಂಡತಿಯ ಮಂಚದ ಕಡೆ ತಿರುಗಿದರು.

ವರದಾ ರಿಕ್ಷಾ ಹಿಡಿದು ಕೊಂಢವಾಕ್ಕೆ ಹೋಗಿ ಗೋದಾಬಾಯಿಗೆ ಎಲ್ಲವನ್ನೂ ಹೇಳಿದಳು. ಆಕೆ ಸಿಟ್ಟಿನಿಂದ ಕೆಂಪಾದರೂ ಮೊದಲು ಔಷಧದ ಚೀಲ ಎತ್ತಿಕೊಂಡು ಅವಳ ಜೊತೆ ಹೊರಟಳು. “ಫೋನ್ ಬರೂದು ನಿಂತು, ಇಬ್ರು ನರ್ಸಮ್ಮಗೋಳು ಬಿಟ್ಟು ಹೋದ್ರು. ನನ್ನ ಕೆಲಸದಾಗೇನ ಕಮ್ಮಿ ಆತು ಅಂತ ದಿನಾ ಅಳ್ತಿದ್ದೆ,” ಎಂದಳು ದಾರಿಯಲ್ಲಿ. ಅಂಬಕ್ಕನ ಹುಣ್ಣು ತೊಳೆದು, ಡಾಕ್ಟರನ್ನು ಕರೆಸಿ, ಕತ್ತಲಾಗುವವರೆಗೂ ಅಲ್ಲೇ ಇದ್ದಳು.

ಸೋಮವಾರ ವರದಾ ಆ ಬಿಡ್ ತೆಗೆದಳು. ಮಧ್ಯಾಹ್ನದ ಹೊತ್ತಿಗೆ ಪುನೀತ ಅದನ್ನು ಮತ್ತೆ ಹಾಕಿಸಿದ್ದ. “ನಾವು ಬಿಟ್ರೆ ಇನ್ನೊಂದು ಏಜೆನ್ಸಿ ಹಾಕುತ್ತೆ. ಎಮೋಷನಲ್ ಆಗಬೇಡ.” ವರದಾ ಕೆಲಸ ಬಿಟ್ಟಳು.

ಕೆಲವು ವಾರಗಳ ನಂತರ ಗೋದಾಬಾಯಿಯೇ ಅವಳನ್ನು ಕರೆಸಿ, ತನ್ನ ಹೆಸರಿನ ಮೇಲೆ ಕರೆಗಳು ಇನ್ನೂ ಬೇರೆಯವರಿಗೆ ಹೋಗುತ್ತಿರುವುದಕ್ಕೆ ಉಪಾಯವೇನೆಂದು ಕೇಳಿದಳು.

“ನಿಮ್ಮ ಹೆಸರಿಗೆ ನೀವ ಬಿಡ್ ಹಾಕಬೇಕ್ರಿ. ಹೆಸರು ನಿಮ್ದ ಅಂತ ನಿಮಗ ಕಡಿಮಿಗೇ ಮ್ಯಾಲಿನ ಜಾಗ ಸಿಗ್ತದ.”

“ನನ್ನ ಹೆಸರಿಗೆ ನಾನ ರೊಕ್ಕ ಕೊಡಬೇಕೇನ?”

“ಹೌದ್ರಿ,” ಎಂದಳು ವರದಾ, ತಲೆ ಎತ್ತದೆ.

ಅಂಬಕ್ಕನ ಹುಣ್ಣು ನಿಧಾನವಾಗಿ ಮಾಯುತ್ತಿದೆ. ಮೆಟ್ಟಿಲ ಮೇಲೆ ಎದುರಾದರೆ ರಾಘಣ್ಣ ತಲೆಯಾಡಿಸುತ್ತಾರೆ. ಒಳಗೆ ಬಾ ಎಂದು ಇನ್ನೂ ಕರೆದಿಲ್ಲ.