ನಳ್ಳಿ ಮೂಳೆಯ ಪಾಲು

ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಅಪ್ಪಟ ಸಸ್ಯಾಹಾರಿ ಹೋಟೆಲು ನಡೆಸುವ ಗುಣಪಾಲ, ಮನೆಯಲ್ಲಿ ಮಾತ್ರ ಭಾನುವಾರ ಮಟನ್ ಇಲ್ಲದೆ ಉಣ್ಣುವವನಲ್ಲ. ಅದರಲ್ಲೂ ಕುರಿಯ ಕಾಲಿನ ನಳ್ಳಿ ಮೂಳೆ ಅವನಿಗೇ ಬರಬೇಕು. ಚಿಕ್ಕಂದಿನಲ್ಲಿ ಅಮ್ಮ ಅದನ್ನು ಗಂಡುಮಗನ ತಟ್ಟೆಗೇ ಹಾಕುತ್ತಿದ್ದಳು. ಅವನು ಮೂಳೆಯನ್ನು ಕುಟ್ಟಿ, ಒಳಗಿನ ಮಜ್ಜೆಯನ್ನು ಸೊರ್ರನೆ ಹೀರುವಾಗ ಅಕ್ಕ ಜಲಜಾಕ್ಷಿ ಮುಖ ಊದಿಸಿಕೊಂಡು ಬರೀ ಸಾರು ಕಲಸುತ್ತಿದ್ದಳು.

ಈಗ ಅಕ್ಕನ ಮೈಯೊಳಗಿನ ಮಜ್ಜೆಯೇ ಕೈಕೊಟ್ಟಿತ್ತು. ರಕ್ತ ಹುಟ್ಟುವುದೇ ನಿಂತುಹೋಗಿ, ವರ್ತಕ ನಗರದ ತನ್ನ ಮನೆಯ ಮೆಟ್ಟಿಲು ಹತ್ತಿದರೆ ಏದುಸಿರು. ಹೊಂದುವಂಥ ಮಜ್ಜೆ ಸಿಗದಿದ್ದರೆ ಉಳಿಯುವುದು ಕಷ್ಟ ಎಂದರು ನವಿ ಮುಂಬಯಿಯ ಆಸ್ಪತ್ರೆಯ ಡಾಕ್ಟರ್ ಅಪರ್ಣಾ, ಧಾರವಾಡದ ಕಡೆಯವರು. ಪರೀಕ್ಷೆ ಮಾಡಿದರೆ ತಮ್ಮನದು ಹೊಂದಿತು.

ಗುಣಪಾಲ ಒಂದೇ ಮಾತಿಗೆ ಒಪ್ಪಿದ. ಆದರೆ ಹೆದರಿಕೆಯಲ್ಲಿ ಡಾಕ್ಟರು ವಿವರಿಸಿದ್ದು ಒಂದೂ ತಲೆಗೆ ಹೋಗಲಿಲ್ಲ. ಎಲ್ಲದಕ್ಕೂ ತಲೆಯಾಡಿಸಿ ಬಂದ. ಅವನಿಗೆ ಗೊತ್ತಿದ್ದದ್ದು ಕುರಿಯ ಕಾಲು. ಮಜ್ಜೆ ಇರುವುದು ಅಲ್ಲಿ, ಅಂದಮೇಲೆ ತನಗೂ ಮೊಣಕಾಲ ಕೆಳಗೇ ಕೊರೆಯುತ್ತಾರೆ. ಆಮೇಲೆ ಕುಂಟುವುದೇ ಗತಿ. ಯಾರಿಗೂ ಬಾಯಿಬಿಡದೆ, ಇನ್ನು ಕೂತೇ ವ್ಯಾಪಾರ ನೋಡಲೆಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಎತ್ತರದ ಕುರ್ಚಿ ಹಾಕಿಸಿದ. ದಿನಾ ನಳ್ಳಿ ಮೂಳೆಯ ಸಾರು ಬೇಕೆಂದು ಹೆಂಡತಿ ದಮಯಂತಿಯ ಜೀವ ಹಿಂಡಿದ.

"ಎಂಥ ಮಾರಾಯ್ರೆ, ಬಸುರಿಗೂ ಇಷ್ಟು ಬಯಕೆ ಇರ್ಲಿಕ್ಕಿಲ್ಲ," ಎಂದಳು ಅವಳು.

"ಅಕ್ಕನಿಗೆ ಕಡಿಮೆ ಬೀಳ್ಬಾರ್ದು," ಎಂದ ಗುಣಪಾಲ.

ಮಜ್ಜೆ ತೆಗೆಯುವ ದಿನ ಬೆಳಿಗ್ಗೆ ಡಾಕ್ಟರ್ ಅಪರ್ಣಾ ಬಂದಾಗ, ಅವನು ಆಸ್ಪತ್ರೆಯ ಮಂಚದ ಮೇಲೆ ಎರಡೂ ಕಾಲು ನುಣ್ಣಗೆ ಬೋಳಿಸಿ, ತೆಂಗಿನೆಣ್ಣೆ ತಿಕ್ಕಿಕೊಂಡು ಮಲಗಿದ್ದ.

"ಡಾಕ್ಟ್ರೇ, ಎಡಗಾಲಿನದ್ದು ತೆಗೀರಿ. ಬಲಗಾಲು ಒಂದು ಇದ್ರೆ ಹೇಗೋ ಸುಧಾರಿಸ್ತೇನೆ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಅಯ್ಯ ಕಾಕಾ, ನಿಮ್ಮ ಕಾಲು ಯಾರಿಗೆ ಬೇಕಾಗೈತಿ? ದೊಡ್ಡವರ ಕಾಲಿನ ಎಲುಬಿನಾಗ ಬಹಳ ಮಾಡಿ ಕೊಬ್ಬ ಇರತೈತಿ. ರಕ್ತಾ ಮಾಡೋ ಮಜ್ಜೆ ಇರೋದು ಸೊಂಟದ ಎಲುಬು, ಎದಿ ಎಲುಬು, ಪಕ್ಕೆಲುಬು, ಬೆನ್ನಿನ ಮಣಿ, ಇಂಥಾ ಕಡೆ. ನಾವು ಹಿಂದಿಂದ ಸೊಂಟದ ಎಲುಬಿಗೆ ಸೂಜಿ ಹಾಕ್ತೀವಿ. ನಾಲ್ಕು ದಿನ ನೋಯತೈತಿ, ತೆಗೆದದ್ದು ಮತ್ತ ತಾನ ತುಂಬತೈತಿ."

"ಹಾಗಾದ್ರೆ ನಾನು ಕುಂಟುದಿಲ್ವಾ?"

ಡಾಕ್ಟರ ನಗು ನಿಂತಿತು. "ಕಾಲು ಹೋಗತೈತಿ ಅಂತ ತಿಳ್ಕೊಂಡೂ ಒಪ್ಪಿದ್ರೇನು?"

"ಇರುವುದು ಒಬ್ಳೇ ಅಕ್ಕ ಅಲ್ವಾ," ಎಂದ ಗುಣಪಾಲ.

ಮರುವರ್ಷದ ಮಳೆಗಾಲ ಕಳೆದು, ಇನ್ನು ಏನು ಬೇಕಾದರೂ ಉಣ್ಣಬಹುದೆಂದು ಡಾಕ್ಟರು ಹೇಳಿದ ಮೇಲೆ ಜಲಜಾಕ್ಷಿ ಭಾನುವಾರದ ಊಟಕ್ಕೆ ಡೊಂಬಿವಲಿಗೆ ಬಂದಳು. ತಮ್ಮನ ಮಜ್ಜೆ ಒಗ್ಗಿ ಕೆನ್ನೆಗೆ ಬಣ್ಣ ಮರಳಿತ್ತು. ಗುಣಪಾಲ ಜನ್ಮದಲ್ಲೇ ಮೊದಲ ಸಲ ನಳ್ಳಿ ಮೂಳೆಯನ್ನು ಅಕ್ಕನ ತಟ್ಟೆಗೆ ಹಾಕಿದ. ತುಂಬಾ ಸಂತೋಷವಾಯಿತು, ಸ್ವಲ್ಪ ಹೊಟ್ಟೆಯೂ ಉರಿಯಿತು.

ಅವಳು ಮೂಳೆಯನ್ನು ತಿರುಗಿಸಿ ನೋಡಿದಳು. "ಅಮ್ಮ ಇದನ್ನು ನಿಂಗೇ ಹಾಕುವಾಗ ನಂಗೆ ಎಷ್ಟು ಸಿಟ್ಟು ಬರ್ತಿತ್ತು ಗೊತ್ತುಂಟಾ? ಈಗ ನೋಡು, ನನ್ನ ಪಾಲನ್ನೂ ನಿನ್ನ ಹತ್ರವೇ ಇಟ್ಟು ಹೋಗಿದ್ದಾಳೆ."

ಗುಣಪಾಲ, "ನಿನ್ನ ಪಾಲು ಬಂತಲ್ಲ, ಹಾಗಾದ್ರೆ ಇದನ್ನು ಇತ್ಲಾಗೆ ಕೊಡು," ಎಂದು ಕೈಚಾಚಿದ.

"ಕೊಡುದಿಲ್ಲ," ಎಂದು ಅಕ್ಕ ಮೂಳೆಯನ್ನು ತಟ್ಟೆಗೆ ಕುಟ್ಟಿ, ಸೊರ್ರನೆ ಹೀರಿದಳು.