ಹಿಂದಿನ ಚಕ್ರ

ಪೊಲೀಸಿನವನು ಸೈಕಲ್ ರಿಪೇರಿಯ ಪಾನಾಗಳನ್ನು ಅತ್ತ ಸರಿಸಿ ಫೋಟೋವನ್ನು ಮೇಜಿನ ಮೇಲಿಟ್ಟ. ಮೇಷ್ಟ್ರು ಕೈಗೆ ಮೆತ್ತಿದ್ದ ಗ್ರೀಸನ್ನು ಒರೆಸಿಕೊಳ್ಳುತ್ತಾ ಬಗ್ಗಿ ನೋಡಿದರು. ಯಾವುದೋ ಅಂಗಡಿಯ ಕ್ಯಾಮೆರಾ ಹಿಡಿದ ಚಿತ್ರ. ಮಳೆಕೋಟಿನ ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡು ಯಾರೋ ಸೈಕಲ್ ತುಳಿಯುತ್ತಿದ್ದರು. ಮುಖ ಕಾಣುತ್ತಿರಲಿಲ್ಲ, ಆದರೆ ಸೈಕಲ್ ಚೆನ್ನಾಗಿ ಕಾಣುತ್ತಿತ್ತು. ಮುಂದಿನ ಚಕ್ರದ ರಿಮ್ಮು ಬಿಳಿ, ಹಿಂದಿನದು ಕಪ್ಪು.

"ಇದು ಇಲ್ಲೇ ರಿಪೇರಿಯಾದ ಸೈಕಲ್ ತಾನೇ?"

"ಹೌದು, ಇಲ್ಲೇ."

"ಬೆಕ್ಕು ಅಂತ ಕರೀತೀರಲ್ಲ, ಆ ಹುಡುಗನದು ಅಂತ ಬರೆದು ಒಂದು ಸಹಿ ಹಾಕಿ. ಅಷ್ಟೇ ಕೆಲಸ."

ನೆಲಮಾಳಿಗೆಯಲ್ಲಿ ಒಂಬತ್ತು ಮಂದಿ ಹುಡುಗ ಹುಡುಗಿಯರಿದ್ದರು. ಚೈನಿಗೆ ಎಣ್ಣೆ ಬಿಡುತ್ತಿದ್ದವನ ಕೈ ಅಲ್ಲೇ ನಿಂತಿತು. ಯಾರೂ ಯಾರನ್ನೂ ನೋಡಲಿಲ್ಲ. ಆ ಸೈಕಲ್ ಬೆಕ್ಕಿನದಲ್ಲ ಎಂಬುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಹಿಂದಿನ ದಿನ ಮಧ್ಯಾಹ್ನ, ಔಷಧಿ ಅಂಗಡಿಯಿಂದ ಮನೆಮನೆಗೆ ಮಾತ್ರೆ ತಲುಪಿಸುವ ಮುದುಕನ ಚೀಲವನ್ನು ಸೈಕಲ್ಲಿನಲ್ಲಿ ಬಂದ ಯಾರೋ ಕಿತ್ತುಕೊಂಡು ಹೋಗಿದ್ದರು. ಮುದುಕ ಬಿದ್ದು, ಪಾದಚಾರಿ ದಾರಿಯ ಕಲ್ಲಂಚು ತಲೆಗೆ ಬಡಿದಿತ್ತು. ಅದೇ ರಸ್ತೆಯಲ್ಲಿ ಬೆಕ್ಕು ಅಡ್ಡಾಡುತ್ತಿದ್ದುದನ್ನು ಇಬ್ಬರು ಕಂಡಿದ್ದರು. ಸದ್ದಿಲ್ಲದೆ ಗೋಡೆ ಹತ್ತುತ್ತಾನೆಂದು ಆ ಹುಡುಗನಿಗೆ ಬಂದ ಹೆಸರು ಅದು. ಎರಡು ಸಲ ಸಿಕ್ಕಿಬಿದ್ದವನು. ಮೂರನೆಯ ಸಲಕ್ಕೆ ಸಾಕ್ಷಿ ಹುಡುಕುವ ಕಷ್ಟ ಯಾರಿಗೂ ಬೇಕಿರಲಿಲ್ಲ.

"ಇದು ಅವನದಲ್ಲ," ಎಂದರು ಮೇಷ್ಟ್ರು.

"ಮತ್ತೆ ಯಾರದು?"

ಮೇಷ್ಟ್ರು ಊರು ಬಿಟ್ಟು ಆ ಪರದೇಶಕ್ಕೆ ಬಂದು ಒಂಬತ್ತು ತಿಂಗಳಾಗಿತ್ತು. ಅಲ್ಲಿಯ ಭಾಷೆಯಲ್ಲಿ ಅವರಿಗೆ ಸುಳ್ಳು ಹೇಳುವಷ್ಟು ನಯ ಇನ್ನೂ ಬಂದಿರಲಿಲ್ಲ. ನಿಜವನ್ನು ಸ್ವಲ್ಪ ಮುಂದೂಡುವಷ್ಟು ಮಾತ್ರ ಬಂದಿತ್ತು. ಸಂಜೆ ತಾವೇ ಠಾಣೆಗೆ ಬಂದು ಹೇಳುವುದಾಗಿ ತಿಳಿಸಿದರು. ಪೊಲೀಸಿನವನು ಅವರ ಮುಖವನ್ನೇ ಒಂದು ಗಳಿಗೆ ನೋಡಿದ.

"ಐದಕ್ಕೆ ನನ್ನ ಡ್ಯೂಟಿ ಮುಗಿಯುತ್ತೆ. ಆಮೇಲೆ ಕಾಗದ ಮೇಲಕ್ಕೆ ಹೋಗುತ್ತೆ, ಬೆಕ್ಕಿನ ಹೆಸರಲ್ಲೇ. ಮುದುಕನಿಗೆ ಇನ್ನೂ ಎಚ್ಚರ ಬಂದಿಲ್ಲ. ಅದೂ ನೆನಪಿರಲಿ."

ಅವನು ಮೆಟ್ಟಿಲು ಹತ್ತಿ ಹೋದಮೇಲೆ ಒಬ್ಬೊಬ್ಬರೇ ಕೈ ತೊಳೆದುಕೊಂಡು ಹೊರಟರು. ಹತ್ತು ನಿಮಿಷದಲ್ಲಿ ನೆಲಮಾಳಿಗೆ ಖಾಲಿಯಾಯಿತು.

ಮೇಷ್ಟ್ರು ಊರಲ್ಲಿದ್ದಾಗ ಮಿಷನ್ ಶಾಲೆಯಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದರು. ಅವರ ತಂದೆಯದು ಸೈಕಲ್ ಅಂಗಡಿ. ಡಬ್ಬಿ ಕಾರ್ಖಾನೆ ಮುಚ್ಚಿ, ದೊಡ್ಡವರು ಕೆಲಸವಿಲ್ಲದೆ, ಚಿಕ್ಕವರು ಅಮಲಿನ ಮಾತ್ರೆಯ ಚಟಕ್ಕೆ ಬಿದ್ದು ಕೆಡುತ್ತಿದ್ದ ಈ ಬಡಾವಣೆಗೆ ಯುವಜನರ ಸೇವೆಗೆಂದು ಚರ್ಚಿನ ಸಭೆಯವರು ಅವರನ್ನು ಕಳಿಸಿದಾಗ, ಬೈಬಲ್ ತರಗತಿಗೆ ಮೊದಲ ತಿಂಗಳು ಬಂದವರು ಇಬ್ಬರೇ. ಅವರೂ ಬಿಸ್ಕತ್ತು ಮುಗಿದ ಕೂಡಲೇ ಎದ್ದು ಹೋಗುತ್ತಿದ್ದರು. ಆಗ ಮೇಷ್ಟ್ರು ಗುಜರಿಗೆ ಹೋಗುತ್ತಿದ್ದ ನಾಲ್ಕು ಸೈಕಲ್ ತಂದು ಚರ್ಚಿನ ನೆಲಮಾಳಿಗೆಯಲ್ಲಿ ಬಿಚ್ಚಿಹಾಕಿಕೊಂಡು ಕೂತರು. ಪ್ರಾರ್ಥನೆಗೆ ಬಾರದವರು ಪಂಕ್ಚರಿಗೆ ಬಂದರು. ಹೆಂಡತಿ ಮೆಟ್ಟಿಲ ಮೇಲಿಂದ "ರೀ, ಊಟಕ್ಕೆ ಬನ್ನಿ" ಎಂದು ಕರೆಯುವುದನ್ನು ಕೇಳಿ ಕೇಳಿ, ಅವರ ಹೆಸರೇ 'ರೀ' ಎಂದು ಹುಡುಗರು ತಿಳಿದುಕೊಂಡರು. ಈಗ ಅಂಗಡಿಯವಳೂ ರೀ ಎನ್ನುತ್ತಿದ್ದಳು, ಅಂಚೆಯವನೂ ರೀ ಎನ್ನುತ್ತಿದ್ದ. ಊರಿಗೆಲ್ಲ ಗಂಡನಾಗಿಬಿಟ್ಟಿರಿ ಎಂದು ಹೆಂಡತಿ ನಗುತ್ತಿದ್ದಳು.

ಫೋಟೋದಲ್ಲಿದ್ದ ಆ ಕಪ್ಪು ರಿಮ್ಮಿನ ಚಕ್ರವನ್ನು ತನ್ನ ಸೈಕಲ್ಲಿಗೆ ಕಟ್ಟಿದವಳು ಗಿಡ್ಡಿ. ಹದಿನೇಳು ವರ್ಷ, ಎಲ್ಲರಿಗಿಂತ ಕುಳ್ಳಿ, ಎಲ್ಲರಿಗಿಂತ ಚುರುಕು ಕೈ. ಮೂವತ್ತಾರು ಕಡ್ಡಿಯನ್ನು ಒಂದೊಂದಾಗಿ ಪೋಣಿಸಿ, ಬೆಂಡು ತೆಗೆದು, ಸರಿಹೋಗದೆ ಮತ್ತೆ ಬಿಚ್ಚಿ, ಮೂರು ವಾರ ಒದ್ದಾಡಿದ್ದಳು. ಬಂದ ಹೊಸದರಲ್ಲಿ ಮೇಷ್ಟ್ರ ಹೆಂಡತಿಯನ್ನು ಕೈಹಿಡಿದು ಬಸ್ಸು ಹತ್ತಿಸಿದವಳು, ಅಂಗಡಿಯಲ್ಲಿ ಉಪ್ಪಿಗೂ ಸೋಡಾಪುಡಿಗೂ ವ್ಯತ್ಯಾಸ ತೋರಿಸಿದವಳು ಅವಳೇ. ವಾರಕ್ಕೆ ಎರಡು ದಿನ ಅವರ ಮನೆಯಲ್ಲೇ ಉಣ್ಣುತ್ತಿದ್ದಳು.

ಮೇಷ್ಟ್ರು ಮೊದಲು ಚರ್ಚಿನ ಪಾದ್ರಿಗಳಾದ ಸಭಾಪಾಲಕರ ಬಳಿ ಹೋದರು. ಅವರು ಎಲ್ಲವನ್ನೂ ಕೇಳಿಸಿಕೊಂಡು ಕಿಟಕಿಯತ್ತ ತಿರುಗಿ ನಿಂತರು. ತಾವು ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಯಿತು, ಇಲ್ಲಿಯ ಜನ ಕಳ್ಳನನ್ನು ಕ್ಷಮಿಸುತ್ತಾರೆ, ಚಾಡಿ ಹೇಳಿದವನನ್ನು ಕ್ಷಮಿಸುವುದಿಲ್ಲ ಎಂದರು. ಆದರೆ ಸುಳ್ಳು ಹೇಳಿ ಎಂದು ಹೇಳಲು ತಮಗೆ ಬಾಯಿ ಬರುವುದಿಲ್ಲ ಎಂದೂ ಸೇರಿಸಿದರು. ಇಬ್ಬರೂ ಸೇರಿ ಪ್ರಾರ್ಥನೆ ಮಾಡಿದರು. ಎದ್ದಾಗ ಮೇಷ್ಟ್ರ ಎದೆ ಮೊದಲಿನಷ್ಟೇ ಭಾರವಾಗಿತ್ತು.

ಮನೆಯಲ್ಲಿ ಹೆಂಡತಿ ತಟ್ಟೆ ಮುಂದಿಟ್ಟಳು. ಅವರು ಅನ್ನ ಕಲಸುತ್ತಲೇ ಕೂತರು. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಬೆಕ್ಕಿನ ತಾಯಿಯೂ ಅಲ್ಲೇ. ಇಸ್ತ್ರಿಯಾದ ಹಾಸಿಗೆವಸ್ತ್ರಗಳನ್ನು ಎದುರುಬದುರು ನಿಂತು ಇಬ್ಬರೂ ಮಡಿಸುತ್ತಿದ್ದರು.

"ಇಲ್ಲಿ ಇರೋದಕ್ಕೆ ನಮ್ಮ ಪರವಾನಗಿ ಕಾಗದ ಇನ್ನೂ ಕಚೇರೀಲಿದೆ. ಪೊಲೀಸರ ಹತ್ರ ಮುಚ್ಚಿಟ್ಟರೆ ಏನಾಗುತ್ತೋ ಅಂತ ಮೊದಲು ಅದೇ ತಲೆಗೆ ಬಂತು ನೋಡಿ, ನನಗೇ ನಾಚಿಕೆಯಾಯ್ತು," ಎಂದಳು. ನೀರಿನ ಲೋಟವನ್ನು ಅವರತ್ತ ಸರಿಸಿ, "ಸೋಮವಾರ ಬಟ್ಟೆಯ ಆ ತುದಿ ಬೆಕ್ಕಿನ ಅಮ್ಮನ ಕೈಲಿರುತ್ತೆ, ಈ ತುದಿ ನನ್ನ ಕೈಲಿ. ನಾನು ಅವಳ ಮುಖ ನೋಡಬೇಕು ರೀ."

"ಗಿಡ್ಡಿ ಮುಖ?"

ಅವಳು ಎದ್ದು ಹೋಗಿ ನಲ್ಲಿ ತಿರುಗಿಸಿ, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಳು.

ಗಿಡ್ಡಿಯ ಮನೆ ನಾಲ್ಕನೆಯ ಮಹಡಿಯಲ್ಲಿತ್ತು. ಬಾಗಿಲು ತೆರೆದ ತಾಯಿ ಒಳಗೆ ಕರೆಯಲಿಲ್ಲ. ಹಿಂದಿನ ಕೋಣೆಯಿಂದ ಗಂಡಸಿನ ನರಳಾಟ ಕೇಳಿಸುತ್ತಿತ್ತು. ಅದು ಮಾತ್ರೆಯ ಚಟ ಹತ್ತಿದ್ದ ಗಿಡ್ಡಿಯ ಅಣ್ಣ. ಹೋದ ವಾರವಷ್ಟೇ ಮೇಷ್ಟ್ರು ಅವನ ಹಣೆ ಮುಟ್ಟಿ ಪ್ರಾರ್ಥನೆ ಮಾಡಿದ್ದರು. ಗಿಡ್ಡಿ ಹೊರಬಂದು ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕೂತಳು. ಮೇಷ್ಟ್ರು ಎರಡು ಮೆಟ್ಟಿಲು ಕೆಳಗೆ ಕೂತರು.

ಅವರು ಏನೂ ಕೇಳುವ ಮುಂಚೆಯೇ ಅವಳು ಹೇಳಿದಳು. "ಆ ಮುದುಕನ ಹತ್ರ ಮೊದಲು ಮಾತ್ರೆ ಕೇಳಿದೆ. ಕೊಡಲ್ಲ ಅಂದ. ಚೀಲ ಎಳೆದೆ, ಅವನು ಬಿಡಲಿಲ್ಲ. ಬಿಟ್ಟಿದ್ದರೆ ಬೀಳ್ತಿರಲಿಲ್ಲ."

"ಬಿದ್ದಮೇಲೆ ತಿರುಗಿ ನೋಡಿದ್ಯಾ?"

ಅವಳು ಉಗುರಿನ ಸಂದಿಯ ಮಸಿಯನ್ನು ಕೆರೆಯುತ್ತಾ ಕೂತಳು. "ಮೂರು ದಿನದಿಂದ ಅಣ್ಣ ಗೋಡೆಗೆ ತಲೆ ಚಚ್ಚಿಕೊಳ್ತಿದ್ದ. ನಿಮ್ಮ ಪ್ರಾರ್ಥನೆಗೆ ಅವನು ಸುಮ್ಮನಾಗಲಿಲ್ಲ ರೀ. ಮಾತ್ರೆಗೆ ಸುಮ್ಮನಾದ."

ಮೇಷ್ಟ್ರು ಅಂಗೈಯ ಗ್ರೀಸಿನ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿದರು.

"ಬೆಕ್ಕನ್ನ ಒಳಗೆ ಹಾಕಿದಾರೆ," ಎಂದರು.

"ಅವನಿಗೆ ಅಭ್ಯಾಸ ಇದೆ."

ಹೇಳಿದವಳೇ ಮುಖವನ್ನು ಮೊಣಕಾಲಿಗೆ ಒತ್ತಿಕೊಂಡಳು. ಕೆಳಗೆ ಯಾರೋ ಮೆಟ್ಟಿಲು ಹತ್ತಿ ಬರುತ್ತಿದ್ದವರು ಇವರನ್ನು ಕಂಡು ಎರಡನೆಯ ಮಹಡಿಯಲ್ಲೇ ನಿಂತುಬಿಟ್ಟರು.

"ಐದು ಗಂಟೆವರೆಗೆ ನಾನು ಠಾಣೆ ಎದುರು ಕೂತಿರ್ತೀನಿ. ನೀನು ಬಂದರೆ ಇಬ್ಬರೂ ಒಟ್ಟಿಗೆ ಒಳಗೆ ಹೋಗೋಣ. ನಿನ್ನ ಪಕ್ಕ ಬಿಟ್ಟು ಕದಲೋದಿಲ್ಲ."

"ಬರದೇ ಇದ್ದರೆ?"

"ಒಬ್ಬನೇ ಹೋಗ್ತೀನಿ."

ಅವಳು ತಲೆಯೆತ್ತಿ ನೋಡಿದಳು. ಕಣ್ಣಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯವಿತ್ತು. "ನೀವು ಇಲ್ಲಿಯವರಲ್ಲ. ಇಲ್ಲಿಯವರಾಗಿದ್ದರೆ ಹೀಗೆ ಮಾಡ್ತಿರಲಿಲ್ಲ," ಎಂದು ಎದ್ದು ಒಳಗೆ ಹೋದಳು.

ಠಾಣೆಯ ಮುಂದೆ ಒಂದು ಕಬ್ಬಿಣದ ಬೆಂಚಿತ್ತು. ಮೇಷ್ಟ್ರು ಮೂರೂವರೆಗೇ ಹೋಗಿ ಕೂತರು. ಚಳಿ ಬೆಂಚಿನಿಂದ ಬೆನ್ನಿಗೆ ಹತ್ತುತ್ತಿತ್ತು. ನಾಲ್ಕಾಯಿತು, ನಾಲ್ಕೂವರೆಯಾಯಿತು. ಅವಳು ಬರುವುದಿಲ್ಲ ಎಂದುಕೊಂಡರು. ಬರದಿದ್ದರೆ ಎದ್ದು ಮನೆಗೆ ಹೋಗಿಬಿಟ್ಟರೆ ಏನು ಎಂದೂ ಒಮ್ಮೆ ಯೋಚಿಸಿದರು. ತಮ್ಮ ಕಣ್ಣು ಸರಿಯಿಲ್ಲ, ರಿಮ್ಮಿನ ಬಣ್ಣ ಗೊತ್ತಾಗಲಿಲ್ಲ ಎಂದರೆ ಯಾರು ತಾನೇ ಬಂದು ಪರೀಕ್ಷೆ ಮಾಡುತ್ತಾರೆ?

ಐದಕ್ಕೆ ಹತ್ತು ನಿಮಿಷವಿರುವಾಗ ಗಿಡ್ಡಿ ರಸ್ತೆಯಾಚೆಯ ಬಸ್ ನಿಲ್ದಾಣದಲ್ಲಿ ಕಾಣಿಸಿದಳು. ನಡೆದುಕೊಂಡು ಬಂದಿದ್ದಳು. ಮೇಷ್ಟ್ರು ಎದ್ದು ನಿಂತರು. ಕೈ ಬೀಸಲಿಲ್ಲ, ಕರೆಯಲಿಲ್ಲ. ಹೆದರಿದ ಹಕ್ಕಿಯ ಮುಂದೆ ನಿಂತವರಂತೆ ಉಸಿರನ್ನೂ ಸಣ್ಣಗೆ ಬಿಟ್ಟರು. ಅವಳು ಪಾದಚಾರಿ ದಾರಿಯಿಂದ ಒಂದು ಕಾಲನ್ನು ರಸ್ತೆಗಿಳಿಸಿದಳು. ಅಷ್ಟರಲ್ಲಿ ಬಸ್ಸೊಂದು ಬಂದು ನಡುವೆ ನಿಂತಿತು. ಬಾಗಿಲು ತೆರೆದುಕೊಂಡಿತು, ಮುಚ್ಚಿಕೊಂಡಿತು. ಬಸ್ಸು ಹೋದಮೇಲೆ ಅಲ್ಲಿ ಯಾರೂ ಇರಲಿಲ್ಲ.

ಠಾಣೆಯ ಒಳಗೆ ಗೋಡೆಯ ಗಡಿಯಾರ ಐದು ತೋರಿಸುವವರೆಗೂ ಅವರು ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಒಳಗೆ ಹೋಗಿ, ಡ್ಯೂಟಿ ಮುಗಿಸಿ ಏಳುತ್ತಿದ್ದ ಪೊಲೀಸಿನವನಿಗೆ ಗಿಡ್ಡಿಯ ಹೆಸರು ಹೇಳಿದರು.

ಅವಳು ಎಲ್ಲಿಗೂ ಓಡಿಹೋಗಿರಲಿಲ್ಲ. ಪೊಲೀಸರು ಹೋದಾಗ ಅಣ್ಣನ ಹಾಸಿಗೆಯ ಪಕ್ಕ ಕೂತಿದ್ದಳಂತೆ. ಅವಳನ್ನು ಸುಧಾರಣಾ ಮನೆಗೂ ಅಣ್ಣನನ್ನು ಆಸ್ಪತ್ರೆಗೂ ಒಂದೇ ದಿನ ಕರೆದೊಯ್ದರು. ಮುದುಕನಿಗೆ ಐದನೆಯ ದಿನ ಎಚ್ಚರವಾಯಿತು. ಎಡಗೈ ಮಾತ್ರ ಏಳಲಿಲ್ಲ. ಹೊರಬಂದ ಬೆಕ್ಕು ಮೇಷ್ಟ್ರನ್ನು ದೂರದಿಂದ ಕಂಡು ರಸ್ತೆಯ ಆಚೆ ಬದಿಗೆ ದಾಟಿಕೊಂಡ. ನೆಲಮಾಳಿಗೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಎರಡನೆಯ ವಾರ ಯಾರೋ ಬೀಗ ಒಡೆದು ಪಾನಾಗಳನ್ನೆಲ್ಲ ಚರಂಡಿಗೆ ಎಸೆದರು. ಮೆಟ್ಟಿಲ ಗೋಡೆಗೆ ಕೆಂಪು ಬಣ್ಣದಲ್ಲಿ ಒಂದು ಪದ ಬರೆದಿದ್ದರು. ಮೇಷ್ಟ್ರು ಅದನ್ನು ಚೀಟಿಯಲ್ಲಿ ಬರೆದುಕೊಂಡು ಮನೆಗೆ ಬಂದು ನಿಘಂಟು ತೆರೆಯಬೇಕಾಯಿತು. ಚಾಡಿಕೋರ ಎಂಬ ಅರ್ಥ ನೋಡಿದ ಹೆಂಡತಿ, ಈ ಭಾಷೆಯಲ್ಲಿ ನಿಮಗೆ ಇಂಥ ಪದಗಳೇ ಬೇಗ ಬರುತ್ತವೆ ಎಂದಳು. ನಗಲು ನೋಡಿದಳು, ಆಗಲಿಲ್ಲ. ಅವಳು ಗಿಡ್ಡಿಯ ತಾಯಿಗೆಂದು ಎರಡು ಸಲ ಊಟ ಒಯ್ದಿದ್ದಳು. ಎರಡು ಸಲವೂ ಬಾಗಿಲು ತೆರೆದಿರಲಿಲ್ಲ.

ಭಾನುವಾರಗಳಂದು ಆರಾಧನೆ ಮುಗಿಸಿ ಮೇಷ್ಟ್ರು ಎರಡು ಬಸ್ಸು ಬದಲಾಯಿಸಿ ಸುಧಾರಣಾ ಮನೆಗೆ ಹೋಗತೊಡಗಿದರು. ಮೊದಲ ವಾರ, ನೋಡುವುದಿಲ್ಲ ಎಂದು ಗಿಡ್ಡಿ ಒಳಗಿನಿಂದ ಹೇಳಿಕಳಿಸಿದಳು. ಎರಡನೆಯ ವಾರವೂ ಅದೇ ಉತ್ತರ. ಮೂರನೆಯ ವಾರ ಹೇಳಿಯೂ ಕಳಿಸಲಿಲ್ಲ. ಆದರೂ ಅವರು ಭೇಟಿಯ ಅರ್ಧ ಗಂಟೆ ಮುಗಿಯುವವರೆಗೂ ಕಾಯುವ ಕೋಣೆಯಲ್ಲಿ ಗೋಡೆಗೊರಗಿ ನಿಂತಿರುತ್ತಿದ್ದರು. ಗಿಡ್ಡಿಯ ತಾಯಿ ಅದೇ ಕೋಣೆಯಲ್ಲಿ ಅವರಿಗೆ ಬೆನ್ನು ಹಾಕಿ ಕೂತಿರುತ್ತಿದ್ದಳು.

ನಾಲ್ಕನೆಯ ಭಾನುವಾರ ಬಸ್ಸು ತಡವಾಯಿತು. ಮೇಷ್ಟ್ರು ಏದುಸಿರು ಬಿಡುತ್ತಾ ಬಂದಾಗ ಕೋಣೆ ತುಂಬಿತ್ತು. ಗೋಡೆಯ ಪಕ್ಕದಲ್ಲೂ ಜಾಗವಿರಲಿಲ್ಲ. ಅವರು ಬಾಗಿಲ ಬಳಿ ಒದ್ದೆ ಬೂಟಿನಲ್ಲಿ ನಿಂತರು. ಗಿಡ್ಡಿಯ ತಾಯಿ ತಿರುಗಿ ಒಮ್ಮೆ ನೋಡಿದಳು. ಮತ್ತೆ ಮುಂದಕ್ಕೆ ಮುಖ ಮಾಡಿ, ಬಹಳ ಹೊತ್ತಿನ ಮೇಲೆ, ಪಕ್ಕದ ಕುರ್ಚಿಯ ಮೇಲೆ ಹರವಿದ್ದ ತನ್ನ ಕೋಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.